ಹೊಂದಾಣಿಕೆ ನಿಧಿಗೆ ಪಹಣಿ ಲಗತ್ತಿಸಿ

ದೇಶದ ಹವಾಮಾನ ಆದ್ಯತೆ ನಿಗದಿಪಡಿಸುವ ಮಾನ್ಯರಿಗೆ, ಹೆತ್ತೂರು ಹೋಬಳಿಯಿಂದ.

ಹವಾಮಾನ ಬದಲಾವಣೆಯನ್ನು ಎದುರಿಸಲು ದಾರಿ ಎರಡು: ಹೊಗೆ ಕಡಿಮೆ ಮಾಡುವುದು, ಬಂದದ್ದಕ್ಕೆ ಹೊಂದಿಕೊಳ್ಳುವುದು. ಮೊದಲನೆಯದಕ್ಕೆ ಭಾರತ 2021ರ ಗ್ಲಾಸ್ಗೋ ಸಮ್ಮೇಳನದಲ್ಲಿ ಗಡುವು ಹೇಳಿಬಂದಿದೆ: 2070ಕ್ಕೆ ನಿವ್ವಳ ಶೂನ್ಯ. ಎರಡನೆಯದಕ್ಕೆ ಗಡುವಿಲ್ಲ, ಪಹಣಿ ಇದ್ದರೆ ಸಾಕು.

ಇಲ್ಲಿನ ಕಾಫಿಗೆ ಮಾರ್ಚ್–ಏಪ್ರಿಲ್‌ನಲ್ಲಿ ಹೂಮಳೆ ಬೇಕು, ಆಮೇಲೆ ಕಾಯಿ ಕಟ್ಟಲು ಇನ್ನೊಂದು ಹದಮಳೆ. ಮುಂಗಾರು ಬಿಡದೆ ಹೊಡೆದರೆ ಕೊಳೆರೋಗ ಬಂದು ಕಾಯಿ ಉದುರುತ್ತದೆ. ಕೊಯ್ಲಿನ ಕಾಲವಾದ ಡಿಸೆಂಬರಿನಲ್ಲಿ ಸುರಿದರೆ ಅರೇಬಿಕಾ ಹಣ್ಣು ಗಿಡದಲ್ಲೇ ಒಡೆಯುತ್ತದೆ, ಕಣದಲ್ಲಿ ಹರಡಿದ್ದು ಬೂಸಲು ಹಿಡಿಯುತ್ತದೆ. ಹೂಮಳೆ ಕೈಕೊಟ್ಟ ವರ್ಷ ಬೆಳೆಗಾರ ಡೀಸೆಲ್ ಪಂಪು ಹಚ್ಚಿ ಸ್ಪ್ರಿಂಕ್ಲರ್ ಬಿಡುತ್ತಾನೆ. ಹೊಂದಾಣಿಕೆಯೇ ಹೊಗೆ ಉಗುಳುವ ಪವಾಡವಿದು.

ಹೊಗೆ ಕಡಿತವೂ ಈ ಕಡೆಗೆ ಹೊಸತಲ್ಲ. ಗುಂಡ್ಯ ಜಲವಿದ್ಯುತ್ ಯೋಜನೆ ಇಲ್ಲಿನ ಮಳೆಕಾಡಿನ ಮೇಲೆ ಕಣ್ಣಿಟ್ಟಿತ್ತು: ಹೊಗೆಯಿಲ್ಲದ 200 ಮೆಗಾವಾಟ್, ಬೆಟ್ಟಕುಮರಿಯಲ್ಲಿ ಅಣೆಕಟ್ಟು. ಇಂಗಾಲ ಹೀರುವ, ಗುಡ್ಡ ಹಿಡಿದು ನಿಲ್ಲಿಸುವ ಕಾಡನ್ನೇ ಮುಳುಗಿಸಿ ಇಂಗಾಲ ಉಳಿಸುವ ಲೆಕ್ಕ. 2011ರಲ್ಲಿ ಪಶ್ಚಿಮ ಘಟ್ಟಗಳ ಕುರಿತ ಮಾಧವ ಗಾಡ್ಗೀಳ್ ಸಮಿತಿ ಇದಕ್ಕೆ ಅನುಮತಿ ಬೇಡವೆಂದಿತು. 2018ರಲ್ಲಿ, ಮತ್ತೆ 2024ರಲ್ಲಿ ಶಿರಾಡಿ ಘಾಟಿಯಲ್ಲಿ ಗುಡ್ಡ ಜಾರಿ ಹೆದ್ದಾರಿ ಬಂದ್ ಆದಾಗ, ಬೇರಿನ ಕೆಲಸವೇನೆಂದು ಲಾರಿಯಲ್ಲಿ ಸಿಕ್ಕಿಕೊಂಡವರಿಗೂ ತಿಳಿಯಿತು.

ಒಟ್ಟು ಹೊಗೆಯಲ್ಲಿ ಭಾರತ ಜಗತ್ತಿಗೆ ಮೂರನೆಯದು. ತಲಾವಾರು ಲೆಕ್ಕದಲ್ಲಿ ಜಗತ್ತಿನ ಸರಾಸರಿಯ ಅರ್ಧಕ್ಕಿಂತ ಕಡಿಮೆ. ಕಡಿತವನ್ನು ಕೈಬಿಡುವಂತಿಲ್ಲ. ಆದರೆ ಚಿಮಣಿಗಳೆಲ್ಲ ನಾಳೆಯೇ ತಣ್ಣಗಾದರೂ ಈ ಡಿಸೆಂಬರಿನ ಮಳೆ ನಿಲ್ಲುವುದಿಲ್ಲ. ಆದ್ದರಿಂದ ಮೊದಲ ದುಡ್ಡು ಹೊಂದಾಣಿಕೆಗೇ ಸಲ್ಲಬೇಕು.

ಸದ್ಯ ಹೊಂದಾಣಿಕೆಯೆಂದು ತೋಟಕ್ಕೆ ಸಿಗಬಹುದಾದದ್ದು ಬೆಳೆಹಾನಿ ಪರಿಹಾರ. ಅದು ಸಲ್ಲುವ ಕ್ರಮ ಹೀಗಿದೆ. ವಿಪತ್ತು ಪರಿಹಾರ ನಿಧಿಯ 2022ರ ಮಾನದಂಡದಂತೆ ಬೆಳೆ ಶೇ 33ರಷ್ಟಾದರೂ ಹಾಳಾಗಿರಬೇಕು. ಬಹುವಾರ್ಷಿಕ ಬೆಳೆಗೆ ಹೆಕ್ಟೇರಿಗೆ 22,500 ರೂಪಾಯಿ, ಎಂದರೆ ಎಕರೆಗೆ ಸುಮಾರು 9,100. ಅದೂ 2 ಹೆಕ್ಟೇರಿನವರೆಗೆ. ಅರ್ಜಿಗೆ ಪಹಣಿ ಬೇಕು. ಪಹಣಿ ಬೆಳೆಗಾರನ ಅಜ್ಜನ ಹೆಸರಿನಲ್ಲಿದೆ. ಅಜ್ಜ ತೀರಿಕೊಂಡಿದ್ದಾರೆ. ಹಾಗಾದರೆ ಪೌತಿ ಖಾತೆ, ಅದಕ್ಕೆ ವಂಶವೃಕ್ಷ, ವಂಶವೃಕ್ಷಕ್ಕೆ ಮರಣ ಪತ್ರ, ಎಲ್ಲದಕ್ಕೂ ಸರ್ವರ್. ಸರ್ವರ್ ಬಂದಾಗ ಗುಮಾಸ್ತರಿಲ್ಲ. ಗುಮಾಸ್ತರು ಬಂದಾಗ ಪಹಣಿ ಹಳೆಯದಾಗಿರುತ್ತದೆ, ಹೊಸ ಪ್ರತಿ ತರಬೇಕು. ಬೆಳಗಿನ ಬಸ್ಸಿಗೆ ಪೇಟೆಗೆ ಇಳಿದವನು ಸಂಜೆ ಬಸ್ಸಿಗೆ ಪಹಣಿಯ ಸಮೇತ ಹತ್ತುತ್ತಾನೆ.

ಇಲ್ಲಿ ವ್ಯಂಗ್ಯವೂ ಸುಸ್ತಾಗುತ್ತದೆ. ಕೊಳೆತದ್ದು ಹಣ್ಣು, ಕಣಕ್ಕೆ ಬಂದು ಮೂಸಿದರೂ ಗೊತ್ತಾಗುತ್ತಿತ್ತು. ಯಾರೂ ಬರಲಿಲ್ಲ. ಸತ್ತ ಮುದುಕನ ಹೆಸರಿಗೂ ಕೊಳೆತ ಕಾಫಿಗೂ ಏನು ಸಂಬಂಧ? ಮನೆಯಲ್ಲಿ ನಿವ್ವಳ ಶೂನ್ಯ ತಲುಪಿದವರು ಅಜ್ಜ ಒಬ್ಬರೇ. ಪರಿಹಾರಕ್ಕೆ ಅರ್ಹರೂ ಅವರೊಬ್ಬರೇ.

ರಾಜ್ಯದ ಗ್ರಾಮ ಪಂಚಾಯಿತಿಗಳಲ್ಲಿ ಮಳೆಮಾಪಕಗಳಿವೆ. ಅವುಗಳ ಅಂಕಿ ನೋಡಿಯೇ ಕಾಳುಮೆಣಸಿನ ವಿಮೆ ತೀರ್ಮಾನವಾಗುತ್ತದೆ. ಅಕಾಲ ಮಳೆಯ ಕಾಫಿ ಪರಿಹಾರವನ್ನೂ ಅದೇ ಅಂಕಿಗೆ ಜೋಡಿಸಿ, ತೋಟ ಮಾಡುತ್ತಿರುವವನ ಖಾತೆಗೆ ಹಾಕಬಹುದು. ವಾರಸುದಾರಿಕೆಯ ತಕರಾರು ಆಮೇಲೆ ಇತ್ಯರ್ಥವಾಗಲಿ. ಅಷ್ಟು ಸಾಧ್ಯವಾಗದಿದ್ದರೆ ಪಹಣಿ ಕೌಂಟರಿನ ಮುಂದೆ ಒಂದು ಬೆಂಚಾದರೂ ಹಾಕಿಸಬಹುದು. ಅದನ್ನೂ ಹೊಂದಾಣಿಕೆಯ ಖರ್ಚಿಗೇ ಬರೆದುಕೊಳ್ಳಲು ಹೆತ್ತೂರಿನವರ ಅಭ್ಯಂತರವಿಲ್ಲ.