ತೊಟ್ಟಿಮನೆ ಭಾವ

ನಮ್ಮ ಭಾವ ಹುಟ್ಟಿದ್ದು ತೀರ್ಥಹಳ್ಳಿ ಕಡೆಯ ಒಂದು ತೊಟ್ಟಿಮನೆಯಲ್ಲಿ. ಈಗ ನ್ಯೂಜೆರ್ಸಿಯಲ್ಲಿ ಇರುವುದೂ ತೊಟ್ಟಿಮನೆಯಲ್ಲೇ. ಅಲ್ಲಿ ತೊಟ್ಟಿಯ ಸುತ್ತ ಮನೆ ಕಟ್ಟಿದ್ದರು. ಇಲ್ಲಿ ಮನೆಯೊಳಕ್ಕೆ ತೊಟ್ಟಿ ಬಂದು ಕೂತಿದೆ, ಮನೆಯವರು ಅದರ ಸುತ್ತ ಹೇಗೋ ಜಾಗ ಮಾಡಿಕೊಂಡಿದ್ದಾರೆ. ನಾಲ್ಕಡಿ ಉದ್ದದ ಗಾಜಿನ ತೊಟ್ಟಿ, 120 ಗ್ಯಾಲನ್, ನಮ್ಮ ಲೆಕ್ಕಕ್ಕೆ 450 ಲೀಟರ್ ಉಪ್ಪುನೀರು. ಅದರಲ್ಲಿ ಬಣ್ಣಬಣ್ಣದ ಹವಳ, ಒಂದು ಜೊತೆ ಕ್ಲೌನ್ ಮೀನು. ಲೀಟರಿಗೆ 35 ಗ್ರಾಂ ಅಂದರೂ ತೊಟ್ಟಿಯ ಹೊಟ್ಟೆಯಲ್ಲಿ ಹತ್ತಿರ ಹತ್ತಿರ 16 ಕೆ.ಜಿ. ಉಪ್ಪಿದೆ. ಭಾವನಿಗೆ ಬಿ.ಪಿ.; ಅವರ ಸಾರಿಗೆ ಮಾತ್ರ ಅಕ್ಕ ಉಪ್ಪು ಮುಟ್ಟಿಸುವುದಿಲ್ಲ. ತೊಟ್ಟಿಯ ಕ್ಯಾಲ್ಸಿಯಂ 420ರಿಂದ ಇಳಿಯಿತೇ ಅಂತ ಪ್ರತಿ ಭಾನುವಾರ ಪರೀಕ್ಷೆ. ಅವರದೇ ರಕ್ತಪರೀಕ್ಷೆಗೆ ಕಳೆದ ಯುಗಾದಿಯಿಂದ ಮುಹೂರ್ತ ಕೂಡಿಬಂದಿಲ್ಲ.

ಅವರ ಮನೆಗೆ ಹೋದ ಮೊದಲ ಸಂಜೆಯೇ ನಾನು ಎಡವಟ್ಟು ಮಾಡಿದೆ. ಬಂಡೆಯ ಸಂದಿಯಲ್ಲಿ ಕಂದು ಗಾಜಿನಲ್ಲಿ ಊದಿ ಮಾಡಿದಂಥ ಅರ್ಧ ಇಂಚಿನ ಅಡಿಕೆ ಮರವೊಂದು ಸೋಗೆ ಬಿಚ್ಚಿಕೊಂಡು ತೂಗಾಡುತ್ತಿತ್ತು. “ಭಾವ, ಎಲ್ಲಕ್ಕಿಂತ ಇದು ಚೆನ್ನಾಗಿದೆ” ಅಂದೆ. ಅಡುಗೆಮನೆಯಲ್ಲಿ ಅಕ್ಕನ ಸೌಟು ನಿಂತಿತು. ಭಾವ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು, “ಎಲ್ಲಿ?” ಅಂದರು. ಕಳ್ಳ ಯಾವ ಕಡೆ ಓಡಿದ ಅಂತ ಕೇಳುವ ದನಿ.

ಅದರ ಹೆಸರು ಐಪ್ಟೇಸಿಯಾ. ಕಡಲಹೂವಿನ ಕುಲದಲ್ಲೇ ಹುಟ್ಟಿದ ಕಳೆ. ಕಾಸು ಕೊಟ್ಟು ತಂದ ಹವಳದ ತಳದಲ್ಲಿ ಟಿಕೆಟ್ಟಿಲ್ಲದೆ ಬರುತ್ತದೆ. ಮೈಯೊಳಗೆ ಪಾಚಿ ಸಾಕಿಕೊಂಡಿರುವುದರಿಂದ ದೀಪದ ಬೆಳಕಿನಲ್ಲೇ ಹೊಟ್ಟೆ ಹೊರೆಯುತ್ತದೆ. ಉಪವಾಸ ಕೆಡವಿ ಕೊಲ್ಲೋಣ ಅಂದರೆ ಆಗದು. ಪಕ್ಕದ ಹವಳವನ್ನು ಕುಟುಕಿ ಸುಡುತ್ತದೆ. ಚಿಮುಟ ಹಾಕಿ ಕಿತ್ತಿರೋ, ಪಾದದ ಚೂರು ಬಂಡೆಯಲ್ಲಿ ಉಳಿದು ಒಂದೊಂದೂ ಒಂದೊಂದು ಹೊಸ ಐಪ್ಟೇಸಿಯಾ ಆಗುತ್ತದೆ. ನಾನು ಬಾಯಿ ತೆರೆದೆ.

“ರಕ್ತಬೀಜಾಸುರ ಅಂತೀಯ ತಾನೇ? ಎಲ್ಲರೂ ಅದನ್ನೇ ಅನ್ನೋದು,” ಎಂದು ಭಾವ ತಡೆದರು. “ಅವನ ರಕ್ತ ಬೀಳಿಸೋಕೆ ಒಬ್ಬರು ಬೇಕಿತ್ತು ಮಾರಾಯ. ಇದು ಸುಮ್ಮನೆ ಜರುಗುವಾಗಲೂ ಪಾದದ ಚೂರು ಉದುರಿಸಿಕೊಂಡೇ ಹೋಗ್ತದೆ.”

ಮೊದಲ ಐಪ್ಟೇಸಿಯಾ ಕಂಡಾಗ ಅದರ ಫೋಟೋವನ್ನು ‘ಹೊಸ ಅತಿಥಿ’ ಎಂದು ಮನೆಮಂದಿಯ ವಾಟ್ಸಾಪಿಗೆ ಹಾಕಿದ್ದು, ಪಿಪೆಟ್ಟಿನಲ್ಲಿ ಪುಟ್ಟ ಸೀಗಡಿಮರಿಗಳನ್ನು ತುತ್ತಿಟ್ಟು ಉಣಿಸಿದ್ದು ಯಾರೆಂಬುದನ್ನು ಭಾವ ಹೇಳಲಿಲ್ಲ. ಪಾತ್ರೆ ತೊಳೆಯುತ್ತ ಅಕ್ಕ ಹೇಳಿದಳು.

ಯುದ್ಧ ಶುರುವಾದದ್ದು ನಿಂಬೆರಸದಿಂದ. ಸಿರಿಂಜಿನಲ್ಲಿ ಹೀರಿ ಒಂದೊಂದರ ಬಾಯಿಗೆ ಚುಚ್ಚುವುದು. ಆ ತಿಂಗಳು ಮನೆಯ ಚಿತ್ರಾನ್ನಕ್ಕೆ ಹುಳಿಯೇ ಇರಲಿಲ್ಲವಂತೆ. ಆಮೇಲೆ ಕುದಿನೀರು. ಆಮೇಲೆ ಬಂತು ‘ಕಾಲ್ಕ್‌ವಾಸರ್’. ಈ ಜರ್ಮನ್ ಪದ ಹೇಳುವಾಗ ಭಾವನ ಬೆನ್ನು ತುಸು ನೆಟ್ಟಗಾಗುತ್ತದೆ. ಕೈಗೆ ಗ್ಲೌಸು, ಕಣ್ಣಿಗೆ ಕನ್ನಡಕ ಏರಿಸಿ, ಬಿಳಿಪುಡಿಯನ್ನು ಗಟ್ಟಿ ಮೊಸರಿನ ಹದಕ್ಕೆ ಕಲಸುತ್ತಿದ್ದರಂತೆ. ಆಗ ಊರಿಂದ ಬಂದಿದ್ದ ನಮ್ಮಮ್ಮ ಕವಳ ಜಗಿಯುತ್ತ ಬಂದು ಬಟ್ಟಲಿಗೆ ಇಣುಕಿ, “ಸುಣ್ಣ ಯಾಕೆ ಕಲಸ್ತಿದ್ದೀರಿ ಅಳಿಯಂದಿರು?” ಎಂದು ಕೇಳಿದರು. ಸುಣ್ಣವೇ. ಕ್ಯಾಲ್ಸಿಯಂ ಹೈಡ್ರಾಕ್ಸೈಡ್. ಆ ಜರ್ಮನ್ ಪದಕ್ಕೂ ಸುಣ್ಣದ ನೀರು ಎಂದೇ ಅರ್ಥ. ಡಬ್ಬಿಗೆ ಎಷ್ಟು ಡಾಲರ್ ಬಿತ್ತೆಂದು ಅಮ್ಮನಿಗೆ ಇವತ್ತಿಗೂ ಯಾರೂ ಹೇಳಿಲ್ಲ.

ಸುಣ್ಣ ಹಾಕುವ ಕೆಲಸ ರಾತ್ರಿ ಹತ್ತರ ಮೇಲೆ. ಪಂಪು ನಿಲ್ಲಿಸಬೇಕು. ಟಾರ್ಚು ಹಿಡಿಯುವುದು ಅಕ್ಕ. “ಅಲ್ಲಾಡಿಸಬೇಡ” ಅನ್ನಿಸಿಕೊಳ್ಳುವುದೂ ಅವಳೇ. ಸೂಜಿ ಹತ್ತಿರ ಹೋಯಿತೋ, ಹೂವು ಸರಕ್ಕನೆ ಮುದುಡಿ ಬಂಡೆಯ ತೂತಿನೊಳಗೆ ಮಾಯ. ಎಲ್ಲಕ್ಕೂ ಒಂದೇ ರಾತ್ರಿ ಸುಣ್ಣ ಹಾಕಿದರೆ ನೀರಿನ ಪಿ.ಎಚ್. ಏರಿ ಹವಳವೇ ಹೋಗುತ್ತದೆ. ಆದ್ದರಿಂದ ರಾತ್ರಿಗೆ ಹತ್ತೇ. ಹತ್ತು ಸತ್ತಲ್ಲಿ ಹನ್ನೆರಡು ಹುಟ್ಟುತ್ತಿದ್ದವು. ಆಫೀಸಿನಲ್ಲಿ ಭಾವ ಸಾಫ್ಟ್‌ವೇರಿನ ಬಗ್ ತೆಗೆಸುವ ತಂಡಕ್ಕೆ ಯಜಮಾನರು, ಹಾಗಾಗಿ ಈ ಲೆಕ್ಕ ಅವರಿಗೆ ಹೊಸತೆನಿಸಲಿಲ್ಲ.

ಪೆಪ್ಪರ್‌ಮಿಂಟ್ ಸೀಗಡಿ ಐಪ್ಟೇಸಿಯಾ ತಿನ್ನುತ್ತದೆಂದು ಯಾರೋ ಹೇಳಿದರು. ತಂದದ್ದು ನೋಡಲು ಹಾಗೇ ಇರುವ ಕ್ಯಾಮೆಲ್ ಸೀಗಡಿ; ಅದು ಐಪ್ಟೇಸಿಯಾ ಬಿಟ್ಟು ಹವಳ ತಿಂದಿತು. ಎರಡನೇ ಸಲ ಅಸಲಿಯನ್ನೇ ತಂದರು. ಅದು ಮೀನಿಗೆ ಹಾಕಿದ ಆಹಾರ ತಿಂದುಕೊಂಡು, ಬಂಡೆಯ ಹಿಂದೆ ಮನೆಯಳಿಯನ ಹಾಗೆ ಉಳಿದುಬಿಟ್ಟಿತು.

ತೊಟ್ಟಿ ಸಾಕುವ ಈ ಜಾತಿಯವರನ್ನು ಕನ್ನಡ ಕೂಟದಲ್ಲಿ ಸುಲಭವಾಗಿ ಗುರುತಿಸಬಹುದು. ಯುಗಾದಿ ಊಟದ ಹೊತ್ತಿಗೆ ಇಬ್ಬರು ಗಂಡಸರು ಮೂಲೆಯಲ್ಲಿ ಮುಖ ಸಣ್ಣಗೆ ಮಾಡಿಕೊಂಡು ಪಿಸುಗುಟ್ಟುತ್ತಿದ್ದರೆ, ಹೆಂಡಂದಿರು ಕೆಲಸ ಹೋಯಿತೇನೋ ಎಂದು ಗಾಬರಿ ಬೀಳುತ್ತಾರೆ. ಹೋಗಿ ಕಿವಿಗೊಟ್ಟರೆ, “ಐಪ್ಟೇಸಿಯಾ ನಿಮ್ಮಲ್ಲೂ ತೊಟ್ಟಿ ಕೆಳಗಿನ ಸಂಪಿಗೆ ಇಳಿದಿದೆಯಾ?” ತಮ್ಮನ ಗೃಹಪ್ರವೇಶಕ್ಕೆ ಊರಿಗೆ ಬಂದ ಭಾವ ಐದೇ ದಿನಕ್ಕೆ ಹೊರಟುನಿಂತರು. “ಅಲ್ಲಿ ಯಾರು ನೋಡ್ಕೋತಾರೆ?” ಅಲ್ಲಿ ಅಕ್ಕನೂ ಇಬ್ಬರು ಮಕ್ಕಳೂ ಇದ್ದರು, ಆದರೆ ಭಾವ ಕೇಳಿದ್ದು ಅವರ ವಿಷಯವಲ್ಲ. ಅಡುಗೆಮನೆಯ ನಲ್ಲಿ ಎರಡು ವರ್ಷದಿಂದ ತೊಟ್ಟಿಕ್ಕುತ್ತಿದೆ. ಅದರ ಕೆಳಗಿನ ಪಾತ್ರೆಯಲ್ಲೂ ಏನೋ ಬೆಳೆಯುತ್ತಿದೆ ಎಂದು ನನ್ನ ಅನುಮಾನ.

ಇದೇ ಐಪ್ಟೇಸಿಯಾವನ್ನು ವಿಜ್ಞಾನಿಗಳು ಪ್ರಯೋಗಾಲಯದಲ್ಲಿ ಮುದ್ದಾಗಿ ಸಾಕುತ್ತಾರೆ, ಹವಳಕ್ಕೂ ಪಾಚಿಗೂ ಇರುವ ನಂಟನ್ನು ಇದರಲ್ಲೇ ಅಭ್ಯಾಸ ಮಾಡುತ್ತಾರೆ, 2015ರಲ್ಲಿ ಇದರ ಜೀನೋಮನ್ನೂ ಪ್ರಕಟಿಸಿದ್ದಾರೆ ಎಂದು ನಾನು ಓದಿ ಹೇಳಿದೆ. ಭಾವನಿಗೆ ಬೇಸರವಾದೀತು ಅಂದುಕೊಂಡಿದ್ದೆ. ಅವರ ಮುಖ ಅರಳಿತು. “ನೋಡಿದ್ಯಾ? ಸಾಮಾನ್ಯದವರ ಕೈಗೆ ಸಿಕ್ಕೋದಲ್ಲ ಇದು!”

ನಾನು ಊರಿಗೆ ಮರಳಿದ ಮೇಲೆ ಬೆರ್ಗಿಯಾ ತರಿಸಿದರು. ಎರಡು ಸೆಂಟಿಮೀಟರಿನ ಕಡಲ ಬಸವನಹುಳು, ಬೆನ್ನ ಮೇಲೆ ಚಿಪ್ಪಿಲ್ಲ. ಐಪ್ಟೇಸಿಯಾ ಬಿಟ್ಟರೆ ಬೇರೇನನ್ನೂ ತಿನ್ನದು. ತಿಂದದ್ದರ ಕುಟುಕುಮುಳ್ಳನ್ನು ಜೀರ್ಣಿಸದೆ ತನ್ನ ಬೆನ್ನಿನ ಗರಿಗಳ ತುದಿಗೇರಿಸಿ, ತನ್ನದೇ ಆಯುಧವಾಗಿ ಇಟ್ಟುಕೊಳ್ಳುತ್ತದೆ. ಹಗಲಲ್ಲಿ ಕಾಣಿಸುವುದಿಲ್ಲ, ಗಲಾಟೆಯಿಲ್ಲ. ನಾಲ್ಕೈದು ತಿಂಗಳಲ್ಲಿ ತೊಟ್ಟಿ ಸ್ವಚ್ಛವಾಯಿತು.

“ಈಗೇನು ಮಾಡ್ತಾರೆ ಭಾವ?” ಫೋನಿನಲ್ಲಿ ಅಕ್ಕನನ್ನು ಕೇಳಿದೆ. ಹುಳುಗಳಿಗೆ ತಿನ್ನಲು ಏನೂ ಉಳಿದಿಲ್ಲವಂತೆ. ಉಪಕಾರ ಮಾಡಿದವನ್ನು ಉಪವಾಸ ಸಾಯಿಸುವುದು ಹೇಗೆ ಎಂದು, ಗೆಳೆಯನೊಬ್ಬನ ತೊಟ್ಟಿಯಿಂದ ಎಂಟು ಐಪ್ಟೇಸಿಯಾ ಬೇಡಿ ತಂದು, ಬೇಸ್‌ಮೆಂಟಿನ ಬಕೆಟ್ಟಿನಲ್ಲಿ ದೀಪ ಕಟ್ಟಿ, ಬಿಸಿ ಹದ ಮಾಡಿ, ಪಿಪೆಟ್ಟಿನಲ್ಲಿ ತುತ್ತಿಡುತ್ತಿದ್ದಾರಂತೆ.

“ಬೆಳೀತಾ ಇದಾವಾ?”

“ಎಲ್ಲಿ? ಮೂರು ಆಗಲೇ ಸತ್ತವು. ರಾತ್ರಿಯೆಲ್ಲ ಇವರಿಗೆ ನಿದ್ದೆಯಿಲ್ಲ.”