ಏಳು ಬೆಟ್ಟ, ಒಂದು ಓಟಿಪಿ

"ಏನೇ ಇದು, ಲ್ಯಾಪ್‌ಟಾಪಿಗೆ ಕುಂಕುಮ ಇಟ್ಟಿದ್ದೀಯ?"

"ಹತ್ತು ಗಂಟೆಗೆ ತಿರುಪತಿ ಟಿಕೆಟ್ ಬಿಡ್ತಾರೆ ಕಣ್ರೀ. 300 ರೂಪಾಯಿದು. ದರ್ಶನ ಮೂರು ತಿಂಗಳ ಮೇಲೆ."

"ಅಷ್ಟರಲ್ಲಿ ಭಕ್ತಿ ಆರಿಹೋದ್ರೆ?"

"ಸುಮ್ನೆ ಓಟಿಪಿ ನೋಡ್ರೀ!"

"'ನೀವು ಕ್ಯೂನಲ್ಲಿದ್ದೀರಿ' ಅಂತಿದೆ. ವೈಕುಂಠಂ ಕ್ಯೂ ಕಾಂಪ್ಲೆಕ್ಸು ನಮ್ಮ ಹಾಲಿಗೇ ಬಂತಲ್ಲೇ!"

"ಅಯ್ಯೋ, ಟಿಕೆಟ್ ಗೋವಿಂದ!"

"ಗೋವಿಂದಾ... ಗೋವಿಂದ!"

(ರಾಯರು ಅಭ್ಯಾಸಬಲದಿಂದ ಕೈಯನ್ನೂ ಮುಗಿದರು.)

"10,500 ಕೊಟ್ರೆ ಬ್ರೇಕ್ ದರ್ಶನವಂತೆ."

"ಯಾವುದಕ್ಕೆ ಬ್ರೇಕು?"

"ಮಿಕ್ಕವರ ಕ್ಯೂಗೆ."

"ಪಾಪ, ಆ ಗೋವಿಂದನಿಗೂ ಕುಬೇರನ ಸಾಲದ ಬಡ್ಡಿ ಕಟ್ಟೋದಿದೆ. ಅಲಿಪಿರಿಯಿಂದ ನಡೆದೇ ಹೋಗೋಣ್ವಾ?"

"3,550 ಮೆಟ್ಟಿಲು! ನಿಮಗೆ ಎರಡನೇ ಮಹಡಿಗೇ ಲಿಫ್ಟ್ ಬೇಕು. ಚಿರತೆ ಕಾಟ ಅಂತ 2023ರಲ್ಲಿ ಭಕ್ತರ ಕೈಗೆ ಕೋಲು ಕೊಟ್ಟಿದ್ರು, ಗೊತ್ತಾ?"

"ಕೋಲು ನೋಡಿ ಚಿರತೆ ಸಾಲಾಗಿ ನಿಲ್ಲುತ್ತಾ?"

"ಅದರ ಹತ್ರ ಶಿಫಾರಸು ಪತ್ರ ಇಲ್ಲದಿದ್ರೆ ನಿಲ್ಲಲೇಬೇಕು."

"ಎಲ್ಲಕ್ಕೂ ದುಡ್ಡು. ಪುಕ್ಕಟೆ ಯಾವುದೂ ಇಲ್ವೇನೇ?"

"ಕಲ್ಯಾಣಕಟ್ಟೆ ಇದೆಯಲ್ಲ. ತಲೆ ಬೋಳಿಸೋಕೆ ಕಾಸಿಲ್ಲ."

"ಬೋಳಿಸೋದು ಮಾತ್ರ ಧರ್ಮಾರ್ಥ ಅನ್ನು!" ರಾಯರು ನುಣ್ಣನೆ ತಲೆ ಸವರಿಕೊಂಡರು. "ನನ್ನ ಹತ್ರ ಅದಕ್ಕೂ ಏನಿಲ್ವಲ್ಲೇ."

"ನಿಮ್ಮದೊಂದು ಅಡ್ವಾನ್ಸ್ ಬುಕಿಂಗ್ ಮಾತ್ರ ಕನ್ಫರ್ಮ್ ಆಗಿತ್ತು ನೋಡಿ."