ಸೆಟ್ಟಿಂಗ್ ಕಾಕಾ

ಜಮಖಂಡಿ ಸೀಮೆಯಲ್ಲಿ ಕಂಪನಿ ಮಾಡಿ ಕಳಿಸಿದ ಗಾಡಿಯನ್ನು ಕಂಪನಿ ಮಾಡಿ ಕಳಿಸಿದ ಹಾಗೆಯೇ ಓಡಿಸುವುದು ಜಾಣರ ಲಕ್ಷಣವಲ್ಲ. ಅದು ನೌಕರದಾರರ ಲಕ್ಷಣ. 1972ರಲ್ಲಿ ಪುಣೆಯ ಲೂನಾ ಹುಟ್ಟಿತು. ಅದು ಇಲ್ಲಿಗೆ ಬಂದದ್ದೇ ತಡ, ಎರಡೂ ಕಡೆ ಹಾಲಿನ ಕ್ಯಾನಿಗೆ ಕೊಂಡಿ ಬಿತ್ತು. 1980ರಲ್ಲಿ ಹೊಸೂರಿನಿಂದ ಇಬ್ಬರು ಕೂರುವ ಟಿವಿಎಸ್ 50 ಹೊರಟಿತು. ಇಬ್ಬರು ಅಂದರೆ ಕನಿಷ್ಠ ಇಬ್ಬರು ಎಂದು ಅರ್ಥ ಮಾಡಿಕೊಂಡ ನಮ್ಮವರು ಗಂಡ, ಹೆಂಡತಿ, ಎರಡು ಕೂಸು, ಒಂದು ಹೊರೆ ಮೇವು, ಹೊರೆಯ ಮೇಲೊಂದು ಆಡಿನ ಮರಿ ಇಷ್ಟನ್ನೂ ಏರಿಸಿ, ಗಾಡಿ ಯಾಕೋ ಎಳೆಯುತ್ತಿಲ್ಲವೆಂದು ಬೇಸರಪಟ್ಟುಕೊಂಡರು. ಸರ್ಕಾರದ ದಾರಿ ಕಾಯ್ದು ಕಾಯ್ದು ಸಾಕಾಗಿ, 1989ರಲ್ಲಿ ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ರೈತರೇ ದುಡ್ಡು ಕೂಡಿಸಿ ಚಿಕ್ಕಪಡಸಲಗಿಯಲ್ಲಿ ಕೃಷ್ಣೆಗೆ ಬ್ಯಾರೇಜು ಕಟ್ಟಿದ ತಾಲೂಕು ಇದು. ಹೊಳೆಯನ್ನೇ ಸೆಟ್ಟಿಂಗ್ ಮಾಡಿದವರಿಗೆ ಐವತ್ತು ಸಿಸಿಯ ಎಂಜಿನ್ ಯಾವ ಲೆಕ್ಕ?

ಈ ಪರಂಪರೆಯ ಕುಡಿ ನಮ್ಮ ಓಣಿಯ ಸೆಟ್ಟಿಂಗ್ ಕಾಕಾ. ಇಂಥವರು ಮುಧೋಳದಲ್ಲಿದ್ದಾರೆ, ಬೀಳಗಿಯಲ್ಲಿದ್ದಾರೆ, ರಬಕವಿ-ಬನಹಟ್ಟಿಯಲ್ಲಂತೂ ಓಣಿಗೊಬ್ಬರಿದ್ದಾರೆ. ಗುರುತು ಹಿಡಿಯುವುದು ಸುಲಭ. ಬೇರೆಯವರು ಪೆನ್ನು ಸಿಕ್ಕಿಸುವ ಜೇಬಿನಲ್ಲಿ ಇವರದು ಪ್ಲಗ್ ಪಾನಾ. ಹೆಬ್ಬೆರಳಿನ ಉಗುರು ಮದುವೆ ಮನೆಯಲ್ಲೂ ಕಪ್ಪು. ನೀವು ಗಾಡಿ ನಿಲ್ಲಿಸಿ ಕೈ ಮುಗಿದರೆ ನಿಮ್ಮ ಮುಖ ನೋಡುವುದಿಲ್ಲ, ಎಂಜಿನ್ನಿನ ಕಡೆ ಕಿವಿ ಕೊಡುತ್ತಾರೆ.

"ಮಾಸ್ತರ, ಯಾಕೋ ಕೆಮ್ಮಾಕತ್ತೈತಿ."

"ಹೌದ್ರಿ ಕಾಕಾ, ನಿನ್ನೆಯಿಂದ ನೆಗಡಿ."

"ನಿಮ್ದು ಮೂರ ದಿನಕ್ಕ ಹೊಕ್ಕೈತಿ ಬಿಡ್ರಿ. ನಾ ಗಾಡಿದು ಹೇಳಾಕತ್ತೇನಿ."

ಕಾಕಾ ಬನಹಟ್ಟಿಯ ಪವರ್‌ಲೂಮುಗಳಲ್ಲಿ ಫಿಟ್ಟರ್ ಆಗಿದ್ದವರು. ಸಾಲು ಮಗ್ಗಗಳ ಖಟಪಟದ ನಡುವೆ ಯಾವ ಮಗ್ಗದ ಲಾಳಿ ತಪ್ಪಿ ಬಡಿಯುತ್ತಿದೆ ಎಂದು ಕಣ್ಣು ಮುಚ್ಚಿ ಹೇಳಬಲ್ಲ ಕಿವಿ. ಆ ಕಿವಿ ನಿವೃತ್ತಿಯ ನಂತರ ಎಂಜಿನ್ನಿಗೆ ಒಲಿಯಿತು. ಸ್ಕ್ರೂಡ್ರೈವರಿನ ತುದಿಯನ್ನು ಬೋರಿಗೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿ ಕೂತರೆ ಊಟದ ಹೊತ್ತು ಮೀರಿದರೂ ಏಳುವುದಿಲ್ಲ. ಹಿಂದೆ ಅವರಲ್ಲೊಂದು ಟಿವಿಎಸ್ ಇತ್ತು. ಅದನ್ನು ಎಷ್ಟು ಸುಧಾರಿಸಿದರೆಂದರೆ, ಗಾಡಿ ಗುಜರಿಗೆ ಹೋಗುವ ಮೊದಲೇ ಗುಜರಿ ಅಂಗಡಿ ಚೂರುಚೂರಾಗಿ ಗಾಡಿಯೊಳಗೆ ಬಂದು ಸೇರಿತ್ತು. ಈಗಿನ ವಾಹನವೆಂದರೆ ಅಪ್ಪನ ಕಾಲದ 28 ಇಂಚಿನ ಸೈಕಲ್ಲು. ಅದರ ಹಿಂದಿನ ಗಾಲಿಯ ಮೇಲೆ, ಸಾವಳಗಿ ಕಡೆಯ ದ್ರಾಕ್ಷಿ ತೋಟವೊಂದು ಹೊರಹಾಕಿದ ಎಣ್ಣೆ ಹೊಡೆಯುವ ಪಂಪಿನ ಎಂಜಿನ್ನು.

ಕಾಕಾನ ಶಾಸ್ತ್ರಕ್ಕೆ ಒಂದೇ ಸೂತ್ರ: ಯಾವ ಸುಧಾರಣೆಗೂ ನೂರರ ನೋಟು ಮುರಿಯಬಾರದು. ಮೊದಲ ಲೆಕ್ಕ ಹಾಕಿದ್ದು ಗೋಡೆಯ ಮೇಲೆ, ಸುಣ್ಣದ ಕಡ್ಡಿಯಲ್ಲಿ. ಎಂಜಿನ್ನಿನ ತುದಿಗೆ ಒಂದು ಇಂಚಿನ ರೋಲರ್ ಹಾಕಿ ಟಾಯರಿಗೆ ಒತ್ತಿದರೆ, ರೋಲರ್ ಇಪ್ಪತ್ತೆಂಟು ಸುತ್ತಿದಾಗ ಗಾಲಿ ಒಂದು ಸುತ್ತು. ಎಂಜಿನ್ನು ನಿಮಿಷಕ್ಕೆ 6,500 ಸುತ್ತಿದರೆ ಗಾಲಿ 232. ಗಂಟೆಗೆ ಮೂವತ್ತು ಕಿಲೋಮೀಟರಿಗೆ ಒಂಚೂರು ಮೇಲೆ. ಲೆಕ್ಕದಲ್ಲಿ ತಪ್ಪು ಹುಡುಕಲು ನನ್ನಿಂದ ಆಗಲಿಲ್ಲ. ತಪ್ಪಿದ್ದದ್ದು ರೋಲರಿನಲ್ಲಿ. ದುಡ್ಡು ಉಳಿಸಲು ಕಾಕಾ ಮಗ್ಗದ ಕಟ್ಟಿಗೆಯ ಬಾಬಿನ್ ಒಂದನ್ನೇ ಕೊರೆದು ಕೂರಿಸಿದ್ದರು. ಒಣ ರಸ್ತೆಯಲ್ಲಿ ಅದು ನಡೆಯಿತು. ಹಸಿ ರಸ್ತೆಯಲ್ಲಿ ಬಾಬಿನ್ ಒಂದೇ ಸಮನೆ ತಿರುಗಿತು, ಗಾಲಿ ಸುಮ್ಮನೆ ನೋಡುತ್ತ ನಿಂತಿತು. ಹಿಡಿತಕ್ಕೆಂದು ಬಾಬಿನ್ನಿಗೆ ಪಾಲಿಶ್ ಪೇಪರ್ ಸುತ್ತಿದರು. ಆಗ ಹಿಡಿತ ಸಿಕ್ಕಿತು, ಟಾಯರು ಹೋಯಿತು. ಕೊನೆಗೆ ಲೇತ್ ಅಂಗಡಿಯಲ್ಲಿ ಕಬ್ಬಿಣದ ರೋಲರಿಗೆ ಗೀರು ಹಾಕಿಸಿ ತಂದರು. ಲೇತಿನವನ ಕೂಲಿ ನೂರು ದಾಟಿದ್ದರಿಂದ ಎರಡು ವಾರದಲ್ಲಿ ಎರಡು ಕಂತು ಕೊಟ್ಟು ಸೂತ್ರ ಕಾಪಾಡಿಕೊಂಡರು.

ಎರಡನೆಯ ಸುಧಾರಣೆ ಭಾರ ಇಳಿಸುವುದು. ಎಂಜಿನ್ನಿನ ಸುತ್ತಲಿದ್ದ ತಗಡಿನ ಹೊದಿಕೆಯನ್ನು ಬಿಚ್ಚಿ, "ಕಂಪನ್ಯಾವ್ರು ಬರೇ ಶೋಕಿಗೆ ಹಾಕಿರ್ತಾರ" ಅಂದರು. ಪಂಪಿನ ಎಂಜಿನ್ನಿಗೆ ಆ ಹೊದಿಕೆಯೇ ಗಾಳಿಯ ಕಾಲುವೆ. ಒಳಗಿನ ಫ್ಯಾನು ಊದುವ ಗಾಳಿಯನ್ನು ಬೋರಿನ ಪಟ್ಟಿಗಳ ಮೇಲೆ ಹಾಯಿಸಿ ತಂಪು ಮಾಡುವುದು ಅದರ ಕೆಲಸ. ಏಪ್ರಿಲ್ ತಿಂಗಳ ಜಮಖಂಡಿಯ ಬಿಸಿಲಿನಲ್ಲಿ ಕಾಕಾ ಹುನ್ನೂರಿನ ದಾರಿ ಹಿಡಿದರು. ಪಿಸ್ಟನ್ನು ಕಾದು ಉಬ್ಬಿ, ಬೋರನ್ನು ಕಚ್ಚಿ ಕೂತಿತು. ದಾರಿಯಲ್ಲಿ ಹೋಗುತ್ತಿದ್ದ ಕಬ್ಬಿನ ಟ್ರ್ಯಾಕ್ಟರಿನ ಹುಡುಗ ನಿಲ್ಲಿಸಿ ಕೇಳಿದ:

"ಏನಾತ್ರಿ ಕಾಕಾ, ಬಂದ್ ಬಿತ್ತೇನ್ರಿ?"

"ಬಂದ್ ಬಿದ್ದಿಲ್ಲೋ. ನಾನ ಬೇವಿನ ಗಿಡದ ನೆರಳಿಗೆ ನಿಲ್ಸೇನಿ. ಅದಕ್ಕೂ ಜೀವ ಐತಿಲ್ಲೋ?"

ಮೂರನೆಯದು ಸೈಲೆನ್ಸರ್. ಈ ವಿಷಯದಲ್ಲಿ ಕಾಕಾನದು ಇಡೀ ಕರ್ನಾಟಕದ ಯುವಕರ ನಂಬಿಕೆಯೇ: ಸದ್ದು ಹೆಚ್ಚಾದರೆ ಶಕ್ತಿ ಹೆಚ್ಚಾಯಿತು. ಅಡ್ಡಪಟ್ಟಿ ಕಿತ್ತು, ತೂತು ಹೊಡೆದರು. ಓಣಿಯ ನಾಯಿಗಳಿಗೆಲ್ಲ ಸುದ್ದಿ ಮುಟ್ಟಿತು, ಎಳೆತ ಮಾತ್ರ ಕಡಿಮೆಯಾಯಿತು. ಟೂ-ಸ್ಟ್ರೋಕ್ ಎಂಜಿನ್ನಿನ ಗುಟ್ಟೇ ಅದು. ಹೊಗೆ ಹೊರಹೋಗುವ ಬಾಗಿಲು ತೆರೆದಿರುವಾಗಲೇ ಹೊಸ ಪೆಟ್ರೋಲಿನ ಗಾಳಿಯೂ ಒಳಬರುತ್ತದೆ, ಒಂದಷ್ಟು ಹೊಗೆಯ ಜೊತೆ ಓಡಿಹೋಗುತ್ತದೆ. ಅದನ್ನು ಅಟ್ಟಿ ಮರಳಿ ಒಳಗೆ ದೂಡುವ ಕಲೆಯನ್ನು 1950ರ ದಶಕದಲ್ಲಿ ಪೂರ್ವ ಜರ್ಮನಿಯ ಎಂಜೆಡ್ ಕಾರ್ಖಾನೆಯ ವಾಲ್ಟರ್ ಕಾಡನ್ ಪಳಗಿಸಿದ. ಸೈಲೆನ್ಸರನ್ನು ಮೊದಲು ಅಗಲವಾಗುತ್ತ ಹೋಗಿ ಮತ್ತೆ ಕಿರಿದಾಗುವ ಹಾಗೆ ಮಾಡಿದರೆ ಸದ್ದಿನ ಅಲೆ ಹಿಂದೆ ಬಡಿದು ಆ ಕೆಲಸ ಮಾಡುತ್ತದೆ. 1961ರಲ್ಲಿ ಅವನ ಸವಾರ ಅರ್ನ್ಸ್ಟ್ ಡೆಗ್ನರ್ ಸ್ವೀಡನ್ನಿನ ರೇಸಿನ ಹೊತ್ತಿಗೆ ಪಶ್ಚಿಮಕ್ಕೆ ತಪ್ಪಿಸಿಕೊಂಡು ಹೋಗಿ, ಗುಟ್ಟನ್ನು ಸುಜುಕಿಯವರಿಗೆ ಮುಟ್ಟಿಸಿದ. ಮರುವರ್ಷವೇ 50 ಸಿಸಿಯ ವಿಶ್ವ ಚಾಂಪಿಯನ್ ಆದ.

ಇದನ್ನು ಕಾಕಾನಿಗೆ ಹೇಳಬಾರದಿತ್ತೋ ಏನೋ. ಮರುದಿನ ಕಾಕಾನ ಹೆಂಡತಿ, ನಮ್ಮ ಕಾಕು, ಅಡುಗೆಮನೆಯಲ್ಲಿ ಲಾಳಿಕೆ ಹುಡುಕುತ್ತಿದ್ದರು. ಕಾಕಾ ಎರಡು ತಗಡಿನ ಲಾಳಿಕೆಗಳನ್ನು ಬಾಯಿಗೆ ಬಾಯಿ ಕೂಡಿಸಿ, ಬೆಸುಗೆ ಹಾಕಿ, ಕಾಡನ್ನನ ಸೈಲೆನ್ಸರನ್ನು ಜಮಖಂಡಿಯಲ್ಲಿ ಅವತಾರ ಮಾಡಿಸಿದ್ದರು. ಆಕಾರದಲ್ಲಿ ಅದು ಸರಿಯಾಗಿಯೇ ಇತ್ತು. ಆದರೆ ಸೀಸ-ತವರದ ಬೆಸುಗೆ ಇನ್ನೂರು ಡಿಗ್ರಿ ಮುಟ್ಟುವ ಮೊದಲೇ ಕರಗುತ್ತದೆ, ಎಂಜಿನ್ನಿನ ಹೊಗೆಗೆ ಆ ಸಂಗತಿ ಗೊತ್ತಿರುವುದಿಲ್ಲ. ದೇಸಾಯಿ ಸರ್ಕಲ್ಲಿನಲ್ಲಿ ಹಿಂದಿನ ಲಾಳಿಕೆ ಕಳಚಿ ಉರುಳಿತು. ಸಂತೆಗೆ ಬಂದ ಮುದುಕಿಯೊಬ್ಬಳು ಅದನ್ನು ಸೆರಗಿನಿಂದ ಹಿಡಿದು ತಂದು, "ಏ ಯಪ್ಪಾ, ನಿನ್ನ ಗಾಡಿ ಕಳಸ ಬಿತ್ತು ನೋಡು" ಅಂದಳಂತೆ.

"ನೋಡ್ರಿ ಮಾಸ್ತರ," ಅಂದರು ಕಾಕಾ, "ಆ ಜರ್ಮನ್ಯಾವಂದು ಕಳುವಾತು. ನಮ್ದು ಬಿದ್ರೂ ಜನ ತಂದ ಕೊಡತಾರ. ಊರು ಚಲೋ ಐತಿ."

ಎಣ್ಣೆಯ ಅಧ್ಯಾಯ ಇನ್ನೂ ಇದೆ. ಟೂ-ಸ್ಟ್ರೋಕ್ ಎಂಜಿನ್ನಿಗೆ ಪೆಟ್ರೋಲಿನಲ್ಲೇ ಆಯಿಲ್ ಬೆರೆಸಬೇಕು. ಹಳೆಯ ರೇಸ್ ಗಾಡಿಗಳಿಗೂ ಮೊದಲ ಮಹಾಯುದ್ಧದ ವಿಮಾನಗಳಿಗೂ ಔಡಲೆಣ್ಣೆ ಹಾಕುತ್ತಿದ್ದರು ಎಂದು ಯಾರೋ ಹೇಳಿದ್ದೇ ಸಾಕಾಯಿತು, ಮೊಮ್ಮಗನ ಹೊಟ್ಟೆ ನೋವಿಗೆಂದು ಇಟ್ಟಿದ್ದ ಶೀಶೆ ಗಾಡಿಯ ಟ್ಯಾಂಕಿಗೆ ಖಾಲಿಯಾಯಿತು. ಔಡಲೆಣ್ಣೆ ಜಾರಿಕೆಗೆ ಶ್ರೇಷ್ಠವೇ. ಆದರೆ ಪೆಟ್ರೋಲಿನಲ್ಲಿ ಸರಿಯಾಗಿ ಬೆರೆಯುವುದಿಲ್ಲ, ಸುಟ್ಟ ಮೇಲೆ ಅಂಟು ಕಟ್ಟುತ್ತದೆ. ಎಂಜಿನ್ನು ಎರಡು ದಿನ ವಿಮಾನದ ವಾಸನೆ ಬಿಟ್ಟು ಮೂರನೆಯ ದಿನ ಮಲಬದ್ಧತೆಗೆ ಗುರಿಯಾಯಿತು.

ಅತ್ಯಂತ ಯಶಸ್ವಿಯಾದ ಸುಧಾರಣೆ ಕಾನೂನಿನದು. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ನಾಲ್ಕಕ್ಕಿಂತ ಕಡಿಮೆ ಗಾಲಿಯಿದ್ದು ಎಂಜಿನ್ನು 25 ಸಿಸಿ ಮೀರದಿದ್ದರೆ ಅದು ಮೋಟಾರು ವಾಹನವೇ ಅಲ್ಲ. ಕೆಎ-48ರ ನಂಬರ್ ಪ್ಲೇಟೂ ಬೇಡ, ಲೈಸೆನ್ಸೂ ಬೇಡ. ಕೋರ್ಟಿನ ಮುಂದೆ ಚಹಾ ಕುಡಿಯುತ್ತ ವಕೀಲರೊಬ್ಬರು ಇದನ್ನು ಹೇಳಿದಾಗ ಕಾಕಾನ ಮುಖ ಅರಳಿತು. ಪಂಪಿನ ಪಟ್ಟಿಯ ಮೇಲೆ ನೋಡಿದರೆ 25.6 ಎಂದಿತ್ತು. ಬೇರೆಯವರಾದರೆ ಹತಾಶರಾಗುತ್ತಿದ್ದರು. ಕಾಕಾ ಪಾಲಿಶ್ ಪೇಪರ್ ತಂದು ಚುಕ್ಕೆಯನ್ನೂ ಆರನ್ನೂ ಉಜ್ಜಿ ತೆಗೆದರು. ಎಂಜಿನ್ನಿನ ಹೊಟ್ಟೆಯನ್ನು ಇಷ್ಟು ಕಡಿಮೆ ಖರ್ಚಿನಲ್ಲಿ ಕಿರಿದು ಮಾಡಿದವರು ಜಗತ್ತಿನಲ್ಲಿ ಬೇರೆ ಯಾರೂ ಇರಲಿಕ್ಕಿಲ್ಲ.

ನಗುವ ಮೊದಲು ಒಂದು ಮಾತು. ಜಪಾನಿನ ಹಮಾಮಾತ್ಸು ಕೂಡ ನೇಯ್ಗೆಗೆ ಹೆಸರಾದ ಊರು. ಮಿಚಿಯೊ ಸುಜುಕಿ ಅಲ್ಲಿ 1909ರಲ್ಲಿ ತೆರೆದದ್ದು ಮಗ್ಗದ ಕಾರ್ಖಾನೆ. 1952ರಲ್ಲಿ ಅದೇ ಕಂಪನಿ 'ಪವರ್ ಫ್ರೀ' ಎಂಬ 36 ಸಿಸಿ ಎಂಜಿನ್ನಿನ ಸೈಕಲ್ಲು ತಂದಿತು. ಅದೇ ಊರಿನಲ್ಲಿ 1946ರಲ್ಲಿ ಸೊಯ್ಚಿರೊ ಹೋಂಡಾ ಸೈನ್ಯದವರು ಬಿಟ್ಟುಹೋದ ವೈರ್‌ಲೆಸ್ ಜನರೇಟರಿನ ಎಂಜಿನ್ನನ್ನು ಸೈಕಲ್ಲಿಗೆ ಕಟ್ಟಿದ. ಮೊದಲ ಗಾಡಿಗೆ ಪೆಟ್ರೋಲ್ ಟ್ಯಾಂಕು ಬೇಕಾದಾಗ ಮನೆಯಲ್ಲಿದ್ದ ಬಿಸಿನೀರಿನ ಕಾವು ಡಬ್ಬಿಯನ್ನೇ ಇಟ್ಟ. ಇದನ್ನು ಕೇಳಿದ ಕಾಕು ಕೇಳಿದ್ದು ಒಂದೇ ಪ್ರಶ್ನೆ:

"ಅವನ ಹೇಂತಿ ಸುಮ್ನಿದ್ಲಾ?"

ಕಾಕು ಸುಮ್ಮನಿರುವವರಲ್ಲ, ಬರೆದಿಡುವವರು. ಕ್ಯಾಲೆಂಡರಿನ ಹಿಂಬದಿಯಲ್ಲಿ ಪ್ರತಿ ನೂರೂ ದಾಖಲಾಗಿದೆ. ಹೋದ ಯುಗಾದಿಗೆ ಕೂಡಿಸಿ ನೋಡಿ ಹೇಳಿದರು: "ಇಷ್ಟ ರೊಕ್ಕದಾಗ ಹೊಸಾ ಟಿವಿಎಸ್‌ದು ಎರಡೂ ಗಾಲಿ, ಹ್ಯಾಂಡಲ್, ಸೀಟು ಬರ್ತಿದ್ವು. ಎಂಜಿನ್ ಒಂದ ಉಳೀತಿತ್ತು."

"ಎಂಜಿನ್ ನನ್ನ ಹತ್ರ ಐತಲ್ಲ!" ಅಂದರು ಕಾಕಾ, ನಿಜವಾದ ಉತ್ಸಾಹದಿಂದ.

ಇಷ್ಟಾದರೂ ನಸುಕಿನಲ್ಲಿ ಕಾಕಾನ ಕಟ್ಟೆಯ ಮುಂದೆ ಹಾಲಿನವರ, ತರಕಾರಿಯವರ ಹಳೆಯ ಗಾಡಿಗಳು ಸಾಲು ನಿಲ್ಲುತ್ತವೆ. ಯಾಕೆಂದರೆ ಮಂದಿಯ ಗಾಡಿಗೆ ಕಾಕಾ ಮಾಡುವ ಕೆಲಸವೇ ಬೇರೆ. ಹೆಡ್ ಬಿಚ್ಚಿ, ಹೊಗೆಯ ಬಾಗಿಲಿಗೆ ಕಟ್ಟಿದ ಮಸಿಯನ್ನು ಬೋರಿಗೆ ಗೀರು ಬೀಳದಂತೆ ಕಟ್ಟಿಗೆ ಚೂರಿನಿಂದ ಕೆರೆಯುತ್ತಾರೆ. ಸೈಲೆನ್ಸರಿನ ಒಳಕೊಳವೆ ಸುಟ್ಟು ಕೊಡವುತ್ತಾರೆ. ಪ್ಲಗ್ಗಿನ ಸಂದಿಗೆ ಹ್ಯಾಕ್ಸಾ ಬ್ಲೇಡು ತೂರಿಸಿ ಅಳತೆ ನೋಡುತ್ತಾರೆ. ಬ್ಲೇಡಿನ ದಪ್ಪ ಹೆಚ್ಚುಕಡಿಮೆ 0.6 ಮಿಲಿಮೀಟರ್, ಪ್ಲಗ್ಗಿಗೆ ಬೇಕಾದದ್ದೂ ಅಷ್ಟೇ. ಏರ್ ಫಿಲ್ಟರಿನ ಸ್ಪಂಜು ತೊಳೆದು, ಎಣ್ಣೆ ಹಿಂಡಿ ಕೂರಿಸುತ್ತಾರೆ, ಗಾಲಿಗೆ ಗಾಳಿ ಹೊಡೆಯುತ್ತಾರೆ. ಒಂದು ಕಪ್ ಚಹಾದ ಖರ್ಚು. ಏರಿನಲ್ಲಿ ಇಳಿದು ತಳ್ಳುತ್ತಿದ್ದ ಗಾಡಿ ಎರಡು ಕ್ಯಾನು ಹೊತ್ತು ಏರುತ್ತದೆ, ಆವರೇಜೂ ಏರುತ್ತದೆ. ಅಂದರೆ ಗಾಡಿ ಕಂಪನಿಯಿಂದ ಬಂದಾಗ ಹೇಗಿತ್ತೋ ಮರಳಿ ಹಾಗಾಗುತ್ತದೆ.

"ಇದನ್ನ ನಿಮ್ಮ ಸೈಕಲ್ಲಿಗೂ ಮಾಡಬಾರದೇನ್ರಿ ಕಾಕಾ?" ಎಂದು ಕೇಳಿದೆ.

ಕಾಕಾ ನನ್ನನ್ನು ಕನಿಕರದಿಂದ ನೋಡಿದರು. "ಇದು ರಿಪೇರಿ, ಮಾಸ್ತರ. ಸೆಟ್ಟಿಂಗ್ ಅಲ್ಲ."

ಮೊನ್ನೆ ದೀಪಾವಳಿಗೆ ಪುಣೆಯಿಂದ ಬಂದ ಮಗ ಅಪ್ಪನ ತ್ರಾಸು ತಪ್ಪಿಸಲೆಂದು ಬ್ಯಾಟರಿ ಗಾಡಿ ತಂದ. ಕಾಕಾ ಅದರ ಸುತ್ತ ಎರಡು ಸಲ ತಿರುಗಿದರು. ಪ್ಲಗ್ ಪಾನಾ ಜೇಬಿನಿಂದ ತೆಗೆದು ಮತ್ತೆ ಜೇಬಿಗೆ ಇಟ್ಟುಕೊಂಡರು.

"ಇದರಾಗ ಮಸಿ ಎಲ್ಲಿ ಕೂಡತೈತಿ?"

"ಕೂಡಂಗಿಲ್ಲಪ್ಪಾ."

"ಕಾರ್ಬುರೇಟರ್?"

"ಇಲ್ಲ."

"ಹಂಗಾದ್ರ ರವಿವಾರ ಏನ್ ಮಾಡೂದು?"

ಮಗ ಸಮಾಧಾನ ಹೇಳಿದ. ಮೋಟರು 250 ವ್ಯಾಟಿನ ಒಳಗೆ, ಓಟ ಗಂಟೆಗೆ 25 ಕಿಲೋಮೀಟರಿನ ಒಳಗೆ. ಅದಕ್ಕೇ ಇದಕ್ಕೂ ಲೈಸೆನ್ಸ್ ಬೇಡ, ನಂಬರೂ ಬೇಡ. 25 ಎಂಬ ಅಂಕಿ ಕಿವಿಗೆ ಬಿದ್ದದ್ದೇ ಕಾಕಾ ತಲೆಯೆತ್ತಿದರು.

"ಇಪ್ಪತ್ತೈದರ ಮ್ಯಾಲ ಹೋಗಂಗಿಲ್ಲೇನು?"

"ಮೋಟರಿಗೆ ತಾಕತ್ತೈತಿ. ಕಂಪನ್ಯಾವ್ರು ಕಂಟ್ರೋಲರಿನ್ಯಾಗ ಒಂದ ವೈರ್ ಜೋಡಿಸಿ ಕಟ್ಟಿ ಹಾಕಿರ್ತಾರ."

ಕಾಕಾ ಚಡ್ಡಿ ಮೇಲೆತ್ತಿಕೊಂಡು ಗಾಡಿಯ ಪಕ್ಕ ಕುಕ್ಕರುಗಾಲಿನಲ್ಲಿ ಕೂತರು.

"ಯಾವ ಬಣ್ಣದ ವೈರು?"